ಎದುರು ಕೂತವಳ ಸೊಲ್ಲು

“ಅಪ್ಪಾವರೇ, ನಮ್ಮ ಮಾತು ಬಾರದವರನ್ನು ಸಂತೈಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗುಲಿಯ ಮೇಲೆ ಕೂತು ಮೊರದ ತುಂಬ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಊರ ಹೊರಗಿನ ಇಟ್ಟಿಗೆ ಭಟ್ಟಿಗೆ ದೂರದ ಸೀಮೆಯಿಂದ ಕೆಲಸಕ್ಕೆ ಬಂದಿದ್ದ ಒಬ್ಬನ ಹೆಂಡತಿ ಹಿಂದಿನ ದಿನ ತೀರಿಕೊಂಡಿದ್ದಳು. ಅವನಿಗೆ ಬುತ್ತಿ ಕೊಟ್ಟು ಬಾ ಎಂದು ಗುರುಗಳು ಬೆಳಿಗ್ಗೆ ಶಿಷ್ಯನನ್ನು ಕಳಿಸಿದ್ದರು. ಶಿಷ್ಯ ಹೋದಷ್ಟೇ ಬೇಗ ತಿರುಗಿ ಬಂದಿದ್ದ.

“ಬುತ್ತಿ ಕೊಟ್ಟೆಯಾ?”

“ಕೊಟ್ಟೆ ಅಪ್ಪಾವರೇ. ಆಮೇಲೆ ಅಲ್ಲಿದ್ದು ಏನು ಮಾಡಲಿ? ಅವನ ಭಾಷೆ ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುವುದಿಲ್ಲ. ಗುಡಿಸಲ ಮುಂದೆ ಕೂತು ಏನೋ ಹಾಡಿಕೊಳ್ಳುತ್ತಿದ್ದ. ಅದೂ ನೆಟ್ಟಗೆ ಬರುತ್ತಿರಲಿಲ್ಲ. ಒಂದಿಷ್ಟು ಹಾಡುತ್ತಿದ್ದ, ನಡುನಡುವೆ ಸುಮ್ಮನಾಗುತ್ತಿದ್ದ, ಮತ್ತೆ ಹಾಡುತ್ತಿದ್ದ. ನಾನು ಕೈಮುಗಿದು ಬಂದುಬಿಟ್ಟೆ. ಹೇಳುವುದಕ್ಕೆ ಒಂದು ಮಾತು ಸಿಕ್ಕಿದ್ದರೆ ಹೇಳಿ ಬರುತ್ತಿದ್ದೆ.”

“ಮಾತು ಸಿಗಲಿಲ್ಲ ಅಂತ ಕಾಲು ಕಿತ್ತೆ. ಭೇಷ್!” ಎಂದರು ಗುರುಗಳು. “ಕೂತುಕೋ. ಮೊರದ ಆ ಕಡೆಯ ಜೋಳ ನಿನ್ನದು. ಕತೆ ಹೇಳುತ್ತೇನೆ, ಆದರೆ ಕಣ್ಣು ಕೆಳಗಿರಲಿ. ನಿನ್ನೆ ನೀನು ಆರಿಸಿದ ಜೋಳದ ರೊಟ್ಟಿ ತಿಂದು ನನ್ನ ಹಲ್ಲು ಉಳಿದದ್ದೇ ಪುಣ್ಯ.”

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಊರಿನ ಹೆಸರು ನಿನಗೆ ಬೇಡ. ಅಲ್ಲಿ ಒಬ್ಬ ತಾಯಿ, ಅವಳಿಗೆ ಒಬ್ಬಳೇ ಮಗಳು. ತಾಯಿಗೆ ಕಲ್ಲವ್ವ ಎನ್ನು, ಮಗಳಿಗೆ ನಿಂಬೆವ್ವ ಎನ್ನು. ಕಲ್ಲವ್ವನ ಗಂಡ ಮೊದಲೇ ಹೋಗಿದ್ದ. ಎರಡು ಎಮ್ಮೆ, ಒಂದು ಬೀಸುವ ಕಲ್ಲು, ಇಷ್ಟೇ ಸಂಸಾರ.

ನೀನು ಗಿರಣಿ ಹಿಟ್ಟು ತಿಂದು ಬೆಳೆದವನು, ಬೀಸುವ ಕಲ್ಲಿನ ಸಂಗತಿ ನಿನಗೆ ಬಿಡಿಸಿ ಹೇಳಬೇಕು. ಕಲ್ಲನ್ನು ಒಬ್ಬಳೇ ತಿರುಗಿಸಬಹುದು, ಆದರೆ ರಟ್ಟೆ ಬಿದ್ದುಹೋಗುತ್ತದೆ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದರೆ ಹಗುರ. ಒಬ್ಬಳು ಎಳೆಯುವಾಗ ಇನ್ನೊಬ್ಬಳು ನೂಕುತ್ತಾಳೆ. ನಡುನಡುವೆ ಕಲ್ಲಿನ ಬಾಯಿಗೆ ಒಂದೊಂದು ಹಿಡಿ ಜೋಳ ಬೀಳುತ್ತದೆ. ಬಾಯಿ ಸುಮ್ಮನಿದ್ದರೆ ಕೈ ಬೇಗ ಸೋಲುತ್ತದೆ, ಅದಕ್ಕೇ ಹಾಡು. ಒಬ್ಬಳು ಒಂದು ಸೊಲ್ಲು ಹೇಳಿದರೆ ಎದುರು ಕೂತವಳು ಇನ್ನೊಂದು ಸೊಲ್ಲು ಹೇಳಿ ಅದನ್ನು ಮುಗಿಸುತ್ತಾಳೆ. ಸೊಲ್ಲು ಎಂದರೆ ಹಾಡಿನ ಒಂದು ಸಾಲು. ಅದೂ ಗೊತ್ತಿಲ್ಲ ಎನ್ನಬೇಡ ಮಾರಾಯ.

ಕಲ್ಲವ್ವನ ಸೊಲ್ಲು ಯಾವಾಗಲೂ ಒಂದೇ. ಪ್ರತಿ ಹಿಡಿಗೂ ಅದನ್ನೇ ಕೇಳುತ್ತಿದ್ದಳು:

‘ಈ ಹಿಡಿ ಜೋಳ ಯಾರೀಗೆ ಮಗಳೆ, ಈ ಹಿಡಿ ಯಾರೀಗೆ?’

ಮಗಳ ಸೊಲ್ಲು ಮಾತ್ರ ಹಿಡಿಗೊಂದು. ಅದನ್ನು ಕೂತಲ್ಲೇ ಕಟ್ಟುತ್ತಿದ್ದಳು. ‘ಬಾಯ್ತೆರೆದು ಮಲಗೋ ಮಾವಗೆ ಅವ್ವ, ನೊಣ ನುಂಗೋ ಮಾವಗೆ’ ಎನ್ನುತ್ತಿದ್ದಳು. ‘ಕೊಡ ತುಂಬಿದಾಗಲೇ ಒದೆಯೋ ಎಮ್ಮೆಗೆ ಅವ್ವ, ಆ ಕರಿ ಎಮ್ಮೆಗೆ’ ಎನ್ನುತ್ತಿದ್ದಳು. ‘ಮೂಳಿ, ಅನ್ನ ಕೊಡೋ ಕಲ್ಲಿನ ಮುಂದೆ ಇದೆಂಥಾ ಚೇಷ್ಟೆ!’ ಎಂದು ತಾಯಿ ಬೈಯುತ್ತಿದ್ದಳು. ಬೈದವಳೇ ಮೊದಲು ನಗುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಬುಟ್ಟಿ ತುಂಬ ಹಿಟ್ಟು.

ಒಂದು ದಿನ ಬೀಸುವಾಗ ಒಲೆಯ ಮೇಲೆ ಬೇಳೆ ಉಕ್ಕಿತು. ಕೊನೆಯ ಹಿಡಿ ಹಾಕಿ, ತನ್ನ ಸೊಲ್ಲು ಹೇಳಿ, ಕಲ್ಲವ್ವ ಒಲೆಯ ಕಡೆ ಓಡಿದಳು. ಮಗಳು ಒಬ್ಬಳೇ ಗೂಟ ತಿರುಗಿಸುತ್ತಾ ಹಿಂದಿನಿಂದ ತನ್ನ ಸೊಲ್ಲು ಹೇಳಿ ಮುಗಿಸಿದಳು. ದನಿ ತಾಯಿಯ ಕಿವಿಗೆ ಬಿತ್ತು. ಮಾತು ಬೀಳಲಿಲ್ಲ, ಏಕೆಂದರೆ ತಾಯಿ ಬೇಳೆಯನ್ನು ಬೈಯುತ್ತಿದ್ದಳು.

ಆ ಸಂಜೆ ಮಗಳಿಗೆ ಜ್ವರ ಬಂತು. ಮೂರನೆಯ ದಿನ ಹೋಗಿಬಿಟ್ಟಳು.

ಈಗ ಆ ಊರಿನ ಒಂದು ಪದ್ಧತಿ ಕೇಳು. ಅಲ್ಲಿ ಕಲ್ಲು ಬಲಕ್ಕೇ ತಿರುಗಬೇಕು, ಗುಡಿಗೆ ಸುತ್ತು ಬಂದ ಹಾಗೆ. ಮನೆಯಲ್ಲಿ ಯಾರಾದರೂ ಸತ್ತ ದಿನ ಮಾತ್ರ ಹಿರಿಯ ಹೆಂಗಸು ಜೋಳ ಹಾಕದೆ ಬರಿಗಲ್ಲನ್ನು ಎಡಕ್ಕೆ ಒಂದು ಸುತ್ತು ತಿರುಗಿಸಿ, ಮೇಲೆ ಬಟ್ಟೆ ಹೊದಿಸುತ್ತಾಳೆ. ಅದಕ್ಕೆ ಎಡಸುತ್ತು ಎನ್ನುತ್ತಾರೆ. ಈ ಮನೆಯಲ್ಲಿ ಉಣ್ಣುವವರು ಒಬ್ಬರು ಕಡಿಮೆಯಾದರು ಎಂದು ಕಲ್ಲಿಗೆ ಹೇಳುವ ಬಗೆ ಅದು. ಹನ್ನೊಂದನೆಯ ದಿನ ಬಟ್ಟೆ ತೆಗೆದು, ಬಲಕ್ಕೆ ತಿರುಗಿಸಿ, ಮತ್ತೆ ಬೀಸಲು ತೊಡಗುತ್ತಾರೆ. ಒಳ್ಳೆಯ ದಿನ ಆ ಪದವನ್ನು ಯಾರೂ ಬಾಯಿಗೆ ತರುವುದಿಲ್ಲ. ‘ನಿನ್ನ ಕಲ್ಲು ಎಡಕ್ಕೆ ತಿರುಗಲಿ’ ಎಂದರೆ ಆ ಊರಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ.

ಕಲ್ಲವ್ವ ತನ್ನ ಕೈಯಾರೆ ಎಡಸುತ್ತು ಸುತ್ತಿದಳು, ಬಟ್ಟೆ ಹೊದಿಸಿದಳು. ಹನ್ನೊಂದನೆಯ ದಿನ ಅವಳ ಮೈದುನನ ಹೆಂಡತಿ ದ್ಯಾಮವ್ವ ಬಂದು ಬಟ್ಟೆ ತೆಗೆದು, ನಿಂಬೆವ್ವ ಕೂರುತ್ತಿದ್ದ ಜಾಗದಲ್ಲಿ ಕೂತಳು. ದ್ಯಾಮವ್ವ ಒಳ್ಳೆಯವಳು. ಕಲ್ಲವ್ವ ಹಿಡಿ ಜೋಳ ಹಾಕಿ ತನ್ನ ಸೊಲ್ಲು ಕೇಳಿದಳು, ಈ ಹಿಡಿ ಯಾರಿಗೆ ಎಂದು. ‘ಮ್ಯಾಲಿರೋ ಶಿವನ ಪಾದಕ್ಕೆ ಅಕ್ಕ, ಶಿವನ ಪಾದಕ್ಕೆ’ ಎಂದು ದ್ಯಾಮವ್ವ ಮುಗಿಸಿದಳು.

ಕಲ್ಲವ್ವ ಗೂಟ ಬಿಟ್ಟಳು. ‘ಅದಲ್ಲ’ ಎಂದಳು.

‘ಮತ್ತ ಯಾವುದಕ್ಕಾ?’

‘ನನಗ ಗೊತ್ತಿಲ್ಲ. ಅದಂತೂ ಅಲ್ಲ. ಏಳು ನೀನು.’

ದ್ಯಾಮವ್ವನನ್ನು ಎಬ್ಬಿಸಿ ಕಲ್ಲಿಗೆ ಮತ್ತೆ ಬಟ್ಟೆ ಹೊದಿಸಿದಳು. ಅವತ್ತಿನಿಂದ ಆ ಮನೆಯಲ್ಲಿ ಹಿಟ್ಟಿಲ್ಲ, ರೊಟ್ಟಿಯಿಲ್ಲ. ಜೋಳವನ್ನು ಹಾಗೇ ಇಡಿಯಾಗಿ ಬೇಯಿಸಿ ಗುಗ್ಗರಿ ಮಾಡಿಕೊಂಡು ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೆರೆಯವರು ರೊಟ್ಟಿ ತಂದರೆ ಎಮ್ಮೆಗೆ ಹಾಕುತ್ತಿದ್ದಳು. ಮೈ ಇಳಿದು ಸೀರೆ ನಿಲ್ಲದಂತಾಯಿತು.

ಊರವರು ಬಂದರು, ಬಾಗಿಲಲ್ಲಿ ನಿಂತರು, ಹೇಳಬೇಕಾದದ್ದನ್ನೆಲ್ಲ ಹೇಳಿದರು. ನೀನು ಮಾತು ಸಿಗಲಿಲ್ಲ ಎಂದು ಕೊರಗುತ್ತೀಯಲ್ಲ, ಅಲ್ಲಿ ಮಾತಿಗೇನು ಬರ? ಎಲ್ಲ ಅವಳ ಭಾಷೆಯಲ್ಲೇ ಇದ್ದವು. ‘ಹೋದವರು ಬರ್ತಾರೇನವ್ವಾ?’ ಎಂದು ಒಬ್ಬ ಹಿರಿಯ ಕೇಳಿದ.

‘ಬರೋದು ಬ್ಯಾಡ ಯಪ್ಪಾ’ ಎಂದಳು ಕಲ್ಲವ್ವ. ‘ಕಡೀ ಹಿಡಿಗೆ ಏನು ಹೇಳಿದ್ದಳೋ ಅದೊಂದು ಸೊಲ್ಲು ಹೇಳಿ ಹೋಗಲಿ. ನಾ ಕೇಳಿಸಿಕೊಳ್ಳಲಿಲ್ಲ. ಬ್ಯಾಳಿ ಉಕ್ಕಿದರ ಉಕ್ಕಲಿ ಬಿಡು ಅನ್ನದ ನಾ ಯಾಕ ಓಡಿದೆ?’

ಆ ಹಿರಿಯ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೋದ.

ದಿನಾ ಬೆಳಿಗ್ಗೆ ಕಲ್ಲವ್ವ ಮುಚ್ಚಿದ ಕಲ್ಲಿನ ಮುಂದೆ ಕೂತು ತನ್ನ ಸೊಲ್ಲು ಹೇಳುತ್ತಿದ್ದಳು. ಹೇಳಿ, ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತು ಕಾಯುತ್ತಿದ್ದಳು. ಎದುರಿನ ಜಾಗದಿಂದ ಏನೂ ಬರುತ್ತಿರಲಿಲ್ಲ. ಮತ್ತೆ ಹೇಳುತ್ತಿದ್ದಳು, ಮತ್ತೆ ಕಾಯುತ್ತಿದ್ದಳು. ಮಗಳ ದನಿ ನೆನಪಿತ್ತು, ಸೊಲ್ಲಿನ ಕೊನೆಯಲ್ಲಿ ಅವಳು ನಕ್ಕದ್ದು ನೆನಪಿತ್ತು. ನಡುವಿನ ಮಾತು ಮಾತ್ರ ಇಲ್ಲ. ಮಗಳಿಗಾಗಿ ಅವಳ ಜೀವ ಎಷ್ಟು ಹಂಬಲಿಸುತ್ತಿತ್ತೋ ಆ ನಾಲ್ಕು ಮಾತಿಗೂ ಅಷ್ಟೇ ಹಂಬಲಿಸುತ್ತಿತ್ತು. ಒಂದು ವರ್ಷ ಅವಳು ಅಳಲಿಲ್ಲ. ಅತ್ತುಬಿಟ್ಟರೆ ಇರುವ ದನಿಯೂ ಹೋದೀತು ಎಂದು ಹೆದರಿಕೆ.

ನಿನ್ನ ಕೈ ನಿಂತಿತು. ಆರಿಸು.

ಆ ಸೀಮೆಗೆ ಕಲ್ಲು ಹರಿತ ಮಾಡುವ ಜನ ಬರುತ್ತಿದ್ದರು. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಜೋಳ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಮೇಲಿನ ಕಲ್ಲು ತೆಗೆದು ಎರಡಕ್ಕೂ ಉಳಿಯಿಂದ ಗೀರು ಹಾಕಬೇಕು. ವರ್ಷವೂ ಬರುತ್ತಿದ್ದವರು ಆ ವರ್ಷ ಬರಲಿಲ್ಲ. ಯಾರೂ ನೋಡದ ಬೇರೆ ಜನ ಬಂದರು. ಅವರು ಎಲ್ಲಿಯವರೋ, ಎಷ್ಟು ನದಿ ದಾಟಿ ಬಂದವರೋ, ಅವರ ಒಂದು ಮಾತೂ ಆ ಊರಿಗೆ ತಿಳಿಯಲಿಲ್ಲ. ಉಳಿ ಸುತ್ತಿಗೆ ತೋರಿಸಿದರು, ಕಲ್ಲು ತೋರಿಸಿದರು, ಅಷ್ಟೇ ಮಾತುಕತೆ.

ಅವರಲ್ಲಿ ಒಬ್ಬ ಹೆಂಗಸು ನಡುಮಧ್ಯಾಹ್ನ ಕಲ್ಲವ್ವನ ಬಾಗಿಲಿಗೆ ಬಂದು ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಬೊಗಸೆ ಹಿಡಿದು ನೀರು ಕೇಳಿದಳು. ಕಲ್ಲವ್ವ ತಂಬಿಗೆ ಕೊಟ್ಟಳು. ಕುಡಿದು ತಂಬಿಗೆ ಕೆಳಗಿಡುವಾಗ ಆ ಹೆಂಗಸಿನ ಕಣ್ಣಿಗೆ ಮುಚ್ಚಿದ ಕಲ್ಲು ಬಿತ್ತು. ಒಳಗೆ ಬಂದವಳೇ ಬಟ್ಟೆ ತೆಗೆದಳು.

‘ಏ, ಮುಟ್ಟಬ್ಯಾಡ!’ ಎಂದು ಕಲ್ಲವ್ವ ಚೀರಿದಳು.

ಆ ಹೆಂಗಸು ಆಗಲಿ ಎಂದು ತಲೆಯಾಡಿಸಿದಳು. ಬೇಗ ಮುಗಿಸು ಎಂದು ಕಲ್ಲವ್ವ ಹೇಳಿದಳು ಎಂದುಕೊಂಡಳೋ ಏನೋ. ಮೇಲಿನ ಕಲ್ಲನ್ನು ಎತ್ತಿ ಪಕ್ಕಕ್ಕೆ ಮಗುಚಿ, ಕಾಲು ಚಾಚಿ ಕೂತು, ಉಳಿಯಿಟ್ಟು ಬಡಿಯತೊಡಗಿದಳು. ಮೊದಲ ಪೆಟ್ಟಿಗೆ ಕಲ್ಲವ್ವನಿಗೆ ಮಗಳ ಬೆನ್ನಿಗೇ ಬಿದ್ದಂತಾಯಿತು. ಕೈ ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದಳು. ಬಂದವಳು ಹಾಗೇ ನಿಂತಳು. ಒಂದು ವರ್ಷದಿಂದ ಆ ಮೂಲೆಯಲ್ಲಿ ಸದ್ದೇ ಇರಲಿಲ್ಲ. ಸದ್ದು ಕೇಳುತ್ತಾ ಗೋಡೆಗೆ ಒರಗಿ ಕೂತಳು.

ಗೀರು ಹಾಕಿ ಮುಗಿದ ಮೇಲೆ ಕಲ್ಲನ್ನು ಹಾಗೇ ಒಪ್ಪಿಸಿ ಹೋಗುವಂತಿಲ್ಲ. ಒಂದು ಹಿಡಿ ಜೋಳ ಬೀಸಿ, ಸಂದಿನ ಕಲ್ಲುಪುಡಿಯೆಲ್ಲ ಬಂತೆಂದು ತೋರಿಸಬೇಕು. ಅದಕ್ಕೆ ಮನೆಯ ಹೆಂಗಸು ಒಂದು ಕಡೆ, ಕಲ್ಲು ಹೊಡೆದವಳು ಇನ್ನೊಂದು ಕಡೆ. ಆ ಹೆಂಗಸು ಕಲ್ಲು ಕೂಡಿಸಿ, ಗೂಟ ಬಿಗಿದು, ಬಾ ಎಂದು ಕೈ ಮಾಡಿದಳು. ತಾನು ಕಲ್ಲವ್ವನ ಜಾಗದಲ್ಲಿ ಕೂತುಬಿಟ್ಟಿದ್ದಳು. ಉಳಿದದ್ದು ನಿಂಬೆವ್ವನ ಜಾಗ. ಕಲ್ಲವ್ವ ಅಲ್ಲಿ ಯಾವತ್ತೂ ಕೂತವಳಲ್ಲ. ತುಸು ಹೊತ್ತು ನಿಂತು ನೋಡಿದಳು, ಆಮೇಲೆ ಕೂತು ಗೂಟ ಹಿಡಿದಳು.

ಇಬ್ಬರೂ ಎಳೆದರು. ಕಲ್ಲು ಮಿಸುಕಲಿಲ್ಲ.

ಇನ್ನೂ ಜೋರಾಗಿ ಎಳೆದರು. ಆಗಲೂ ಇಲ್ಲ. ಕಲ್ಲವ್ವ ಬಲಕ್ಕೆ ಎಳೆಯುತ್ತಿದ್ದಳು, ಆ ಹೆಂಗಸು ಎಡಕ್ಕೆ. ಮೊದಲೇ ಗುಗ್ಗರಿ ತಿಂದ ಮೈ, ಕಲ್ಲವ್ವನ ಕೈ ಸೋತಿತು. ಗರಗರ ಎಂದು ಕಲ್ಲು ಎಡಕ್ಕೆ ಒಂದು ಸುತ್ತು ತಿರುಗಿತು.

ಉಳಿಯ ಸದ್ದು ಕೇಳಿ ದ್ಯಾಮವ್ವ ಬಾಗಿಲಿಗೆ ಬಂದಿದ್ದಳು. ಕಲ್ಲು ತಿರುಗಿದ್ದನ್ನು ನೋಡಿ ಬಾಯಿ ಬಡಿದುಕೊಂಡಳು. ‘ಅಯ್ಯಯ್ಯೋ! ಬಿಡಕ್ಕಾ, ಕೈ ಬಿಡು! ಈ ಹಾಳಾದಾಕಿ ಎಡಸುತ್ತು ಸುತ್ತಾಕತ್ತಾಳ!’

ಕಲ್ಲವ್ವ ಕೈ ಬಿಡಲಿಲ್ಲ. ಎದುರು ಕೂತವಳ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. ಇವಳು ತನ್ನ ಮನೆಯಲ್ಲೂ ಒಬ್ಬರು ಕಡಿಮೆಯಾದರೆಂದು ಹೇಳುತ್ತಿದ್ದಾಳೆ, ನನ್ನ ಕಲ್ಲಿಗೆ ಹೇಳುತ್ತಿದ್ದಾಳೆ ಎಂದುಕೊಂಡಳು. ‘ಬಾಯಿ ಮುಚ್ಚು ದ್ಯಾಮೀ’ ಎಂದಳು. ‘ಸುತ್ತಲಿ.’

ಎಡಕ್ಕೆ ಎಳೆಯುವವಳ ಜೊತೆ ತಾನೂ ಎಡಕ್ಕೆ ನೂಕಿದಳು. ಕಲ್ಲು ಹಗುರವಾಯಿತು. ಆ ಹೆಂಗಸು ಪಕ್ಕದ ಬುಟ್ಟಿಯಿಂದ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ಹಾಡತೊಡಗಿದಳು.

ಅದು ಯಾವ ಸೀಮೆಯ ಹಾಡೋ. ಅಳುವ ಧಾಟಿಯಲ್ಲ, ಕುಣಿಯುವ ಧಾಟಿಯೂ ಅಲ್ಲ. ಬೀಸುವ ಧಾಟಿ. ಒಂದು ಸೊಲ್ಲು ಹಾಡಿದಳು. ಹಾಡಿ ಸುಮ್ಮನಾದಳು. ಕಲ್ಲು ಒಂದು ಸುತ್ತು ಬಂತು. ಮತ್ತೆ ಅದೇ ಸೊಲ್ಲು ಹಾಡಿ, ಮತ್ತೆ ಸುಮ್ಮನಾದಳು. ಕಲ್ಲು ಮತ್ತೆ ಒಂದು ಸುತ್ತು ಬಂತು.

ದ್ಯಾಮವ್ವನಿಗೆ ಏನೂ ತಿಳಿಯಲಿಲ್ಲ. ಹಾಡು ಮರೆತಿರಬೇಕು ಎಂದುಕೊಂಡಳು. ಕಲ್ಲವ್ವನಿಗೆ ಮಾತ್ರ ತಿಳಿಯಿತು. ಆ ಸುಮ್ಮನಿರುವಿಕೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ದಿನಾ ಬೆಳಿಗ್ಗೆ ಅದರ ಮುಂದೆಯೇ ಕೂತಿದ್ದಳಲ್ಲ! ಇವಳೂ ತನ್ನ ಸೊಲ್ಲು ಹೇಳಿ ಕಾಯುತ್ತಿದ್ದಾಳೆ. ಇವಳ ಎದುರೂ ಒಬ್ಬರು ಕೂರುತ್ತಿದ್ದರು. ಈಗ ಆ ಜಾಗದಲ್ಲಿ ಕೂತಿರುವುದು ನಾನು.

ಮೂರನೆಯ ಸಲ ಆ ಹೆಂಗಸು ಸೊಲ್ಲು ಹಾಡಿ ನಿಲ್ಲಿಸಿದಳು. ಕಾದು ಕಾದು ಬೇಸತ್ತ ಆ ಮುಖ ನೋಡಲಾರದೆ, ಹೇಗಾದರೂ ಇವಳ ಹಾಡು ಒಮ್ಮೆ ಮುಗಿದುಹೋಗಲಿ ಎಂದು ಕಲ್ಲವ್ವ ಬಾಯಿ ತೆರೆದಳು. ಏನು ಹಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಇದು:

‘ಹೊಸ್ತಿಲ ಮುಂದೆ ಬಂದು ನಿಂತೋರಿಗವ್ವ, ನಿಂತು ದಣಿದೋರಿಗೆ.’

ಹಾಡಿದ ಮೇಲೆ ಕೇಳಿಸಿಕೊಂಡಳು. ಅದು ಮಗಳ ಸೊಲ್ಲು. ಬೇಳೆ ಉಕ್ಕಿದ ದಿನ ಹಿಂದಿನಿಂದ ಬಂದ ಸೊಲ್ಲು. ಅದೇ ಮಾತು, ಅದೇ ಎಳೆತ, ನಗು ಬರಬೇಕಾದ ಕಡೆ ಅದೇ ತಿರುವು. ಕಿವಿಗೆ ಬಿದ್ದೇ ಇತ್ತು. ತಾಯಿಯ ಜಾಗದಲ್ಲಿ ಕೂತು ಕೇಳುತ್ತಾ ಇದ್ದವಳಿಗೆ ಅದು ಸಿಕ್ಕಿರಲಿಲ್ಲ.

ಕಲ್ಲವ್ವ ಅತ್ತಳು. ಗೂಟ ಬಿಡದೆ ಅತ್ತಳು. ಒಂದು ವರ್ಷದ ಅಳು ಅದು, ಬೇಗ ಮುಗಿಯುವಂಥದಲ್ಲ. ಆ ಹೆಂಗಸು ಬೆಚ್ಚಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮತ್ತೊಂದು ಹಿಡಿ ಹಾಕಿ ತನ್ನ ಸೊಲ್ಲು ಹಾಡಿದಳು. ಕಲ್ಲವ್ವ ಅಳುತ್ತಲೇ ಮಗಳ ಸೊಲ್ಲು ಹೇಳಿ ಮುಗಿಸಿದಳು. ಆಗ ಆ ಹೆಂಗಸಿನ ಕಣ್ಣಲ್ಲೂ ನೀರು ಇಳಿಯಿತು. ಬುಟ್ಟಿಯ ಜೋಳ ತೀರುವ ತನಕ ಇಬ್ಬರೂ ಹಾಡಿದರು. ಒಬ್ಬಳ ಭಾಷೆಯಲ್ಲಿ ಕೇಳಿದ್ದಕ್ಕೆ ಇನ್ನೊಬ್ಬಳ ಭಾಷೆಯಲ್ಲಿ ಉತ್ತರ. ಆ ಹೆಂಗಸು ಏನು ಕೇಳುತ್ತಿದ್ದಳೋ ಶಿವನೇ ಬಲ್ಲ.

ಹಿಟ್ಟು ಬಳಿದಿಟ್ಟ ಮೇಲೆ ಕಲ್ಲವ್ವ ಎದ್ದು ನಿಂತು, ತನ್ನ ಭುಜದ ಸಮಕ್ಕೆ ಅಂಗೈ ಹಿಡಿದು ತೋರಿಸಿದಳು. ನನ್ನ ಮಗಳು ಇಷ್ಟೆತ್ತರ ಇದ್ದಳು ಎಂದು. ಆ ಹೆಂಗಸು ತನ್ನ ತಲೆಗಿಂತ ಒಂದು ಗೇಣು ಮೇಲೆ ಅಂಗೈ ಹಿಡಿದು ತೋರಿಸಿದಳು. ಆಮೇಲೆ ಆ ಕೈಯನ್ನು ನೆಲಕ್ಕೆ ಇಳಿಸಿ ಮಣ್ಣು ಮುಟ್ಟಿಸಿದಳು. ಅದು ಗಂಡನೋ, ಮಗನೋ, ಒಡಹುಟ್ಟಿದವನೋ ಕಲ್ಲವ್ವನಿಗೆ ತಿಳಿಯಲಿಲ್ಲ. ಎತ್ತರವಷ್ಟೇ ತಿಳಿಯಿತು.

ಹೊಸದಾಗಿ ಗೀರು ಹಾಕಿದ ಕಲ್ಲಿನ ಮೊದಲ ಹಿಟ್ಟನ್ನು ಯಾರೂ ತಿನ್ನುವುದಿಲ್ಲ, ಇರುವೆಗೆ ಹಾಕುತ್ತಾರೆ. ಅವತ್ತು ಅದು ಯಾರಿಗೂ ನೆನಪಾಗಲಿಲ್ಲ. ಕಲ್ಲವ್ವ ಅದೇ ಹಿಟ್ಟು ನಾದಿ ರೊಟ್ಟಿ ತಟ್ಟಿದಳು. ಮೂವರೂ ಕಟಕಟ ಕಲ್ಲು ಕಡಿಯುತ್ತಾ ಉಂಡರು. ದ್ಯಾಮವ್ವನೂ ಉಂಡಳು. ‘ಹೊಸ್ತಿಲ ಮುಂದ ಅಷ್ಟೊತ್ತು ನಿಂತು ನನಗೂ ದಣಿವಾಗಿತ್ತು’ ಎಂದು ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ಆ ಜನ ಮರುದಿನ ಬೆಳಿಗ್ಗೆ ಊರು ಬಿಟ್ಟರು. ಕಲ್ಲವ್ವ ಅವಳ ಹೆಸರನ್ನೂ ಕೇಳಿರಲಿಲ್ಲ.

ಮುಂದಿನ ವರ್ಷ ಅದೇ ಜನ ಬಂದರು, ಆ ಹೆಂಗಸು ಬರಲಿಲ್ಲ. ಹಿಂದಿನ ವರ್ಷ ಅವರಿಗೆ ಸಿಕ್ಕಿದ್ದು ಕಲ್ಲವ್ವನ ಕಲ್ಲೊಂದೇ, ಆ ಸಲ ಊರೆಲ್ಲ ಕೆಲಸ ಕೊಟ್ಟಾಗ ಊರವರು ಗಮನಿಸಿದರು. ಅವರು ಪ್ರತಿ ಮನೆಯಲ್ಲೂ ಕಲ್ಲನ್ನು ಎಡಕ್ಕೇ ತಿರುಗಿಸಿ ನೋಡುತ್ತಿದ್ದರು. ಪ್ರತಿ ಮನೆಯಲ್ಲೂ ಹೆಂಗಸರು ಹೌಹಾರಿ ಬೈಯುತ್ತಿದ್ದರು, ಆ ಜನ ತಬ್ಬಿಬ್ಬಾಗುತ್ತಿದ್ದರು. ಅವರ ಸೀಮೆಯಲ್ಲಿ ಕಲ್ಲು ತಿರುಗುವುದೇ ಹಾಗೆ. ಅಲ್ಲಿ ಅದು ಸಾವಿನ ಸುತ್ತಲ್ಲ, ದಿನದ ಊಟದ ಸುತ್ತು. ದ್ಯಾಮವ್ವ ಓಡಿಬಂದು ಇದನ್ನು ಕಲ್ಲವ್ವನಿಗೆ ಹೇಳಿದಳು. ಕಲ್ಲವ್ವ ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಕ್ಕು ಮುಗಿಸಿ ಆ ಜನರ ಬಿಡಾರಕ್ಕೆ ಹೋದಳು. ಅಲ್ಲಿ ಒಬ್ಬ ಮುದುಕ ಉಳಿ ಮಸೆಯುತ್ತಿದ್ದ. ಅವಳು ಎಲ್ಲಿ ಎಂದು ಕೇಳಿದಳು. ಅವನಿಗೆ ತಿಳಿಯಲಿಲ್ಲ. ಕಲ್ಲವ್ವ ಅಲ್ಲೇ ಕೂತು, ಆ ಹೆಂಗಸಿನ ಸೊಲ್ಲನ್ನು ಮಾತಿಲ್ಲದೆ ಬರೀ ಧಾಟಿಯಲ್ಲಿ ಹಾಡಿ ಸುಮ್ಮನಾದಳು. ಮುದುಕನ ಕೈ ನಿಂತಿತು. ಉಳಿ ಕೆಳಗಿಟ್ಟು ಅವನು ಮುಂದಿನ ಸೊಲ್ಲು ಹೇಳಿ ಮುಗಿಸಿದ. ಆ ಹೆಂಗಸು ಕಾಯುತ್ತಿದ್ದ ಸೊಲ್ಲು ಅದು. ಕಲ್ಲವ್ವ ಕಣ್ಣು ಮುಚ್ಚಿ, ಒಂದು ಅಕ್ಷರವೂ ತಪ್ಪದಂತೆ ಕೇಳಿದಳು. ಅರ್ಥ ತಿಳಿಯಲಿಲ್ಲ. ಮುದುಕ ದೂರದ ದಾರಿಯ ಕಡೆ ಕೈ ತೋರಿಸಿ, ಮತ್ತೆ ಉಳಿ ಮಸೆಯತೊಡಗಿದ.

ಕಲ್ಲವ್ವನ ಕಲ್ಲಿಗೆ ಆ ಹೆಂಗಸು ಹಾಕಿದ ಗೀರು ಎಡಸುತ್ತಿನ ಗೀರು. ಅದನ್ನು ಬಲಕ್ಕೆ ತಿರುಗಿಸಿದರೆ ನುಚ್ಚು ಬೀಳುತ್ತಿತ್ತು, ಹಿಟ್ಟು ಬೀಳುತ್ತಿರಲಿಲ್ಲ. ಬೇರೆಯವರ ಕೈಯಿಂದ ಹೊಸ ಗೀರು ಹಾಕಿಸು ಎಂದು ಊರವರು ಹೇಳಿದರು. ಅವಳು ಹಾಕಿಸಲಿಲ್ಲ. ಗೀರು ಸವೆಯುವ ತನಕ ಆ ಮನೆಯ ಕಲ್ಲು ಎಡಕ್ಕೇ ತಿರುಗಿತು. ದಿನಾ ಬೆಳಿಗ್ಗೆ ದ್ಯಾಮವ್ವ ಬಂದು ಕಲ್ಲವ್ವನ ಜಾಗದಲ್ಲಿ ಕೂರುತ್ತಿದ್ದಳು, ಕಲ್ಲವ್ವ ಮಗಳ ಜಾಗದಲ್ಲಿ. ಹಿಡಿಗೊಂದು ಹೊಸ ಸೊಲ್ಲು ಕಟ್ಟಿ ಹೇಳುತ್ತಿದ್ದಳು. ನೊಣ ನುಂಗುವ ಮಾವನೂ ತಿರುಗಿ ಬಂದ, ಒದೆಯುವ ಎಮ್ಮೆಯೂ ಬಂತು. ಮಗಳು ಬರಲಿಲ್ಲ. ಕೊನೆಯ ಹಿಡಿಗೆ ಮಾತ್ರ ಕಲ್ಲವ್ವ ಆ ಮುದುಕನಿಂದ ಕೇಳಿದ ಸೊಲ್ಲನ್ನೇ ಹೇಳುತ್ತಿದ್ದಳು. ಎಲ್ಲೋ ಒಂದು ಕಡೆ ಆ ಹೆಂಗಸು ತನ್ನ ಸೊಲ್ಲು ಹೇಳಿ ಕಾಯುತ್ತಿರಬಹುದು ಎಂದು.

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಒಮ್ಮೆ ಕೇರಿದರು. ಹೊಟ್ಟು ಹಾರಿತು.

ಶಿಷ್ಯ ಕೇಳಿದ: “ಅಪ್ಪಾವರೇ, ಆ ಹೆಂಗಸು ಎಡಕ್ಕೆ ತಿರುಗಿಸಿದ್ದು ತನ್ನ ರೂಢಿಯಂತೆ. ದುಃಖ ಹೇಳಿಕೊಳ್ಳುವುದಕ್ಕಲ್ಲ. ಹಾಗಾದರೆ ಕಲ್ಲವ್ವ ತಪ್ಪು ತಿಳಿದಳಲ್ಲವೇ?”

“ತಪ್ಪೇ ತಿಳಿದಳು. ಆ ಹೆಂಗಸಿನ ಕೈ ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಆದರೂ ಗೂಟ ಬಿಡದೆ ಕೂತಿದ್ದಳು ನೋಡು, ಅದಕ್ಕೇ ಬಾಯಿ ಹೇಳದೆ ಬಿಟ್ಟದ್ದು ಅವಳ ಕಿವಿಗೆ ಬಿತ್ತು. ನಿನ್ನಂತೆ ಕೈಮುಗಿದು ಎದ್ದು ಹೋಗಿದ್ದರೆ ಇಬ್ಬರೂ ಹಾಗೇ ಉಳಿಯುತ್ತಿದ್ದರು.”

ಶಿಷ್ಯ ಕೈಯಲ್ಲಿದ್ದ ಹರಳುಗಳನ್ನು ಕೆಳಗೆ ಹಾಕಿ ಎದ್ದು ನಿಂತ. ಭಟ್ಟಿಯ ಕಡೆ ನೋಡಿದ.

“ಹಾಗಾದರೆ ನಾನು ಮತ್ತೆ ಹೋಗುತ್ತೇನೆ. ಹೋಗಿ ಆ ಮನುಷ್ಯನಿಗೆ ಏನು ಹೇಳಲಿ ಅಪ್ಪಾವರೇ?”

ಗುರುಗಳು ಮೊರದಿಂದ ತಲೆಯೆತ್ತಲಿಲ್ಲ.

“ಅವನು ನಡುನಡುವೆ ಸುಮ್ಮನಾಗುತ್ತಿದ್ದ ಎಂದೆಯಲ್ಲ ತಮ್ಮಾ, ಅದು ಯಾರ ಸೊಲ್ಲು?”

ಶಿಷ್ಯ ಜಗುಲಿ ಇಳಿದು ಭಟ್ಟಿಯ ದಾರಿ ಹಿಡಿದ.